ಊರ ಶಾಲೆಯಲ್ಲಿ ಮೊದಲು, ಪೇಟೆ ಶಾಲೆಯಲ್ಲಿ ಹಿಂದೆ: ಏನು ಮಾಡಲಿ?

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕಿನ ಹಳ್ಳಿ. ಮಗ ಏಳನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ, ಯಾವಾಗಲೂ ತರಗತಿಗೆ ಮೊದಲು. ಈ ವರ್ಷ ಹಾಸನದ ಇಂಗ್ಲಿಷ್ ಮಾಧ್ಯಮ ಹೈಸ್ಕೂಲಿನಲ್ಲಿ ಎಂಟನೇ ತರಗತಿಗೆ ಸೇರಿಸಿದೆವು. ಮೊದಲ ಕಿರುಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಅರ್ಧದಷ್ಟು ಅಂಕವೂ ಬಂದಿಲ್ಲ. ಮನೆಗೆ ಬಂದರೆ ಮಾತಿಲ್ಲ. ವಾಪಸ್ ಊರ ಕಡೆಗೇ ಹಾಕಿಬಿಡೋಣವೇ?
– ಒಬ್ಬ ತಾಯಿ

ಉತ್ತರ: ಅಮ್ಮಾ, ಈಗಲೇ ಬೇಡ. ಕಲಿತದ್ದನ್ನು ನಿಮ್ಮ ಮಗ ಮರೆತಿಲ್ಲ. ಅವನಿಗೆ ಗೊತ್ತಿದ್ದ ವಿಷಯಗಳ ಹೆಸರೆಲ್ಲ ಒಂದೇ ಬೇಸಿಗೆ ರಜೆಯಲ್ಲಿ ಬದಲಾಗಿಬಿಟ್ಟಿವೆ. ಭಿನ್ನರಾಶಿ ಕೂಡುವಾಗ ಸಲೀಸಾಗಿ ಲ.ಸಾ.ಅ. ತೆಗೆಯುತ್ತಿದ್ದ ಹುಡುಗ ‘ಎಲ್‌ಸಿಎಂ’ ಎಂದೊಡನೆ ತಡವರಿಸುತ್ತಾನೆ. ದ್ಯುತಿಸಂಶ್ಲೇಷಣೆಗೆ ಚಿತ್ರ ಬರೆಯುತ್ತಿದ್ದವನು ‘ಫೋಟೋಸಿಂಥೆಸಿಸ್’ ಕಂಡರೆ ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾನೆ. ಶಾಲೆ ಬದಲಾದ ಹೊಸತರಲ್ಲಿ ಅಂಕ ಇಳಿಯುವುದು ಸಾಮಾನ್ಯ. ಜತೆಗೆ ಮಾಧ್ಯಮವೂ ಬದಲಾದರೆ ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕು.

ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಅನುಕೂಲವೊಂದಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮಗಳ ಪುಸ್ತಕ ಉಚಿತವಾಗಿ ಸಿಗುತ್ತವೆ. ನಾಳೆಯ ಪಾಠವನ್ನು ಇವತ್ತು ರಾತ್ರಿ ಮೊದಲು ಕನ್ನಡದಲ್ಲಿ ಓದಲಿ, ಆಮೇಲೆ ಇಂಗ್ಲಿಷಿನಲ್ಲಿ. ಹೊಸ ಪದದ ಪಕ್ಕ ತನಗೆ ಗೊತ್ತಿರುವ ಕನ್ನಡ ಪದ ಬರೆದುಕೊಳ್ಳಲಿ. ದಿನಕ್ಕೆ ಅರ್ಧ ಗಂಟೆ ಸಾಕು.

ಊರ ಶಾಲೆಯಲ್ಲಿ ಮೇಷ್ಟ್ರಿಗೆ ಇವನು ಯಾರ ಮಗ, ಯಾವುದರಲ್ಲಿ ಚುರುಕು ಎಂಬುದೆಲ್ಲ ಗೊತ್ತಿತ್ತು. ಇಲ್ಲಿ ಪ್ರತಿ ಬೆಲ್ಲಿಗೂ ಬೇರೆ ಟೀಚರ್ ಬರುತ್ತಾರೆ, ಅವರ ಕಣ್ಣಿಗೆ ಇವನು ಉತ್ತರ ಹೇಳದ ಹುಡುಗ, ಅಷ್ಟೇ. ಅದಕ್ಕೇ ನೀವೇ ಒಮ್ಮೆ ಶಾಲೆಗೆ ಹೋಗಿ, ಏಳನೇ ತರಗತಿಯ ಅವನ ಗಣಿತದ ನೋಟ್‌ಬುಕ್ ಕೈಯಲ್ಲೇ ಹಿಡಿದುಕೊಂಡು. ಕ್ಲಾಸ್ ಟೀಚರ್ ಅದನ್ನು ನೋಡಲಿ. ದಸರಾವರೆಗಾದರೂ ತರಗತಿಯಲ್ಲಿ ಕನ್ನಡದಲ್ಲಿ ಉತ್ತರ ಹೇಳಲು ಬಿಡಿ ಎಂದು ಕೇಳಿ. ಸಂಕೋಚ ಬೇಡ.

ಅಂಕಕ್ಕಿಂತ ನನಗೆ ಚಿಂತೆಯಾಗಿರುವುದು ಅವನ ಮೌನ. ಸಂಜೆ ಬಂದ ಕೂಡಲೇ ‘ಎಷ್ಟು ಬಂತು’ ಅನ್ನಬೇಡಿ, ‘ಡಬ್ಬಿ ಯಾರ ಜತೆ ತಿಂದೆ’ ಅಂತ ಕೇಳಿ. ಬಿಸಿಯೂಟಕ್ಕೆ ಎಲ್ಲರ ಸಾಲಿನಲ್ಲಿ ಕೂತು ಬೆಳೆದ ಹುಡುಗ ಅವನು. ವಾರಗಟ್ಟಲೆ ‘ಒಬ್ಬನೇ’ ಅಂದರೆ ಅದನ್ನೂ ಟೀಚರಿಗೆ ತಿಳಿಸಿ, ಒಬ್ಬ ಗೆಳೆಯ ಸಿಕ್ಕರೂ ಎಷ್ಟೋ ಹಗುರಾಗುತ್ತದೆ.

ಯಾರಾದರೂ ಹೊಡೆಯುವುದು, ಅವಮಾನಿಸುವುದು ಇದ್ದು ಶಾಲೆ ಅದನ್ನು ನಿಲ್ಲಿಸದಿದ್ದರೆ ಒಂದು ದಿನವೂ ಕಾಯಬೇಡಿ, ಬಿಡಿಸಿ. ಹಾಗಿಲ್ಲದಿದ್ದರೆ ಈ ವರ್ಷ ಮುಗಿಯಲಿ. ಆಗ ಅವನೇ ಕನ್ನಡ ಮಾಧ್ಯಮ ಬೇಕೆಂದರೆ ಒಂಬತ್ತನೇ ತರಗತಿಗೆ ಧೈರ್ಯವಾಗಿ ಬದಲಾಯಿಸಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.