ಸಂಬಳದವರು ಬರೆದ ಮುಕ್ತ ಕೋಡ್

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಲಿನಕ್ಸ್‌ನಂತಹ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶ) ಯೋಜನೆಗಳಿಗೆ ಇಂದು ಹೆಚ್ಚಿನ ಕೋಡ್ ಬರುವುದು ಕಂಪನಿಗಳ ನೌಕರರಿಂದಲೇ. ಇದು ನೆರವೋ, ನಿಧಾನವಾಗಿ ಹಿಡಿತ ಸಾಧಿಸುವ ದಾರಿಯೋ ಎಂದು ಗೆಳೆಯರಲ್ಲಿ ವಾದ ನಡೆದಿದೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಸಂಬಳ ಪಡೆದು ಬರೆದ ಮಾತ್ರಕ್ಕೆ ಕೋಡ್ ಕೆಡುವುದಿಲ್ಲ. ನಿಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ 'ಸ್ತ್ರೀ' ಎಂಬ ಪದದ ಸಕಾರದ ಕೆಳಗೆ ತಕಾರ, ರಕಾರಗಳ ಒತ್ತುಗಳು ತಂತಮ್ಮ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಅದರ ಬಹಳಷ್ಟು ಕೆಲಸ ರೆಡ್ ಹ್ಯಾಟ್, ಗೂಗಲ್ ಕಂಪನಿಗಳ ನೌಕರಿಯಲ್ಲಿದ್ದವರ ಕೈಯಿಂದಲೇ ಆದದ್ದು. ಕನ್ನಡಕ್ಕೆ ಇದು ಸಣ್ಣ ಉಪಕಾರವಲ್ಲ.

ನನಗೆ ಆತಂಕವಿರುವುದು ಬೇರೆಡೆ. ಹೊಸ ಸೌಲಭ್ಯ ಸೇರಿಸಲು ಕಂಪನಿಗಳು ಜನರನ್ನು ಒದಗಿಸುತ್ತವೆ; ಸೇರಿಸಿದ್ದನ್ನು ವರ್ಷಗಟ್ಟಲೆ ಕಾಯ್ದುಕೊಂಡು ಬರುವ ನಿರ್ವಾಹಕರ ಹೊಟ್ಟೆಪಾಡನ್ನು ಕೇಳುವವರು ಕಡಿಮೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶ ಅಸಂಖ್ಯ ಲಿನಕ್ಸ್ ಸರ್ವರ್‌ಗಳಲ್ಲಿದ್ದರೂ ಅದನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ ದುಡಿಯುತ್ತಿದ್ದ ಒಬ್ಬರೇ. ಬಳಲಿದ್ದ ಅವರಿಗೆ ನೆರವಾಗುವಂತೆ ನಟಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದವರು ಅದರೊಳಗೆ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಇಟ್ಟರು. 2024ರ ಮಾರ್ಚ್‌ನಲ್ಲಿ ಅದನ್ನು ಪತ್ತೆಮಾಡಿದವರು ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್. ಎಸ್‌ಎಸ್‌ಎಚ್ (ದೂರದ ಸರ್ವರ್ ಪ್ರವೇಶಿಸುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಅವರು ಕಡೆಗಣಿಸಲಿಲ್ಲ. ಕಂಪನಿಯೊಂದರ ನೌಕರರೇ ಎಲ್ಲರನ್ನೂ ಕಾಪಾಡಿದರು, ನಿಜ. ಆದರೆ ಆ ಒಂಟಿ ನಿರ್ವಾಹಕರಿಗೆ ಮೊದಲೇ ಯಾರಾದರೂ ಸಂಬಳ ಕೊಟ್ಟಿದ್ದರೆ ಅಪರಿಚಿತರ ಸಹಾಯಕ್ಕೆ ಅವರು ಅಷ್ಟು ಜೋತುಬೀಳಬೇಕಿರಲಿಲ್ಲ.

ಹಿಡಿತದ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಗುವುದು ಹಕ್ಕುಸ್ವಾಮ್ಯದಲ್ಲಿ. ಲಿನಕ್ಸ್ ಕರ್ನಲ್‌ನ (ಅದರ ತಿರುಳು ಭಾಗದ) ಹಕ್ಕು ಸಾವಿರಾರು ಜನರಲ್ಲಿ, ಕಂಪನಿಗಳಲ್ಲಿ ಹಂಚಿಹೋಗಿರುವುದರಿಂದ, ಎಷ್ಟು ಕೋಡ್ ಕೊಟ್ಟರೂ ಯಾವ ಕಂಪನಿಯೂ ತಾನೊಂದೇ ಅದರ ಲೈಸೆನ್ಸ್ ಬದಲಿಸಲಾರದು. ಸರ್ವರ್ ಮೊದಲಾದವನ್ನು ಕೋಡ್ ಮೂಲಕ ಸಜ್ಜುಗೊಳಿಸುವ ಟೆರಾಫಾರ್ಮ್ ಎಂಬ ತಂತ್ರಾಂಶ ಹಾಗಿರಲಿಲ್ಲ: ಕೋಡ್ ಬಳಕೆಯ ವಿಶಾಲ ಹಕ್ಕನ್ನು ತನಗೆ ಕೊಡುವ ಒಪ್ಪಂದಕ್ಕೆ ಹೊರಗಿನವರಿಂದ ಸಹಿ ಪಡೆದೇ ಕೋಡ್ ಸ್ವೀಕರಿಸುತ್ತಿದ್ದ ಅದರ ಕಂಪನಿ ಹಾಶಿಕಾರ್ಪ್, 2023ರ ಆಗಸ್ಟ್‌ನಲ್ಲಿ ಅದರ ಮುಂದಿನ ಆವೃತ್ತಿಗಳಿಗೆ ಓಪನ್ ಸೋರ್ಸ್ ಅಲ್ಲದ ಲೈಸೆನ್ಸ್ ಹಾಕಿತು. ಹಳೆಯ ಕೋಡನ್ನು ಆಧರಿಸಿ ಇತರರು ಓಪನ್‌ಟೋಫು ಎಂಬ ಮುಕ್ತ ಪರ್ಯಾಯವನ್ನು ಕಟ್ಟಬೇಕಾಯಿತು.

ಆದ್ದರಿಂದ ಕಂಪನಿ ಅನುಮತಿ ಕೊಟ್ಟರೆ ಸಂತೋಷದಿಂದ ಪ್ಯಾಚ್ (ಕೋಡ್ ತಿದ್ದುಪಡಿ) ಕಳುಹಿಸಿ, ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹಕ್ಕು ಯಾರ ಕೈ ಸೇರುತ್ತದೆ ಎಂಬುದನ್ನು ಓದಿ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಜಗತ್ತಿನ ಮುಕ್ತ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿ ಘೋಷಿಸಿತು. ಆ ಉದಾಹರಣೆಯನ್ನು ಮುಂದಿಟ್ಟು, ನಿಮ್ಮ ತಂಡ ದಿನವೂ ಬಳಸುವ ಲೈಬ್ರರಿಗಳ (ಇತರರು ಬರೆದಿಟ್ಟ ಸಿದ್ಧ ಕೋಡ್) ಪಟ್ಟಿಯನ್ನು ಮ್ಯಾನೇಜರ್‌ಗೆ ತೋರಿಸಿ, ಇವುಗಳಲ್ಲಿ ಯಾವುದಕ್ಕೆ ನಾವು ಹಣ ಕೊಡುತ್ತಿದ್ದೇವೆ ಎಂದು ಕೇಳಿ.