ಕಾಲಮಿತಿ ದಾಟಿದ ಹಾಡುಗಳು

ಕುಂದಾಪುರದ ಕಡೆಯ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ನೀಲಿ ಶಾಯಿ, ಎರಡೂ ಮಗ್ಗುಲು. ಅಷ್ಟನ್ನೂ ಅಚ್ಚು ಹಾಕಲು ಜಾಗ ಸಾಲದು. ಸಾರಾಂಶ ಹೀಗಿದೆ:

“ಹೋದ ಸಂಚಿಕೆಯಲ್ಲಿ ಹಳೆಯ ಡಿಸ್ಕೋ, ಫಂಕ್, ಸೋಲ್ ಹಾಡುಗಳನ್ನು ಈಗಿನ ಕುಣಿತಕ್ಕೆ ಒಗ್ಗುವಂತೆ ‘ರೀ-ಎಡಿಟ್’ ಮಾಡುವವರನ್ನು ಕಲಾವಿದರು ಎಂದಿರಿ. ಒಂದು ಸ್ವರ ನುಡಿಸದೆ, ಒಂದು ಸಾಲು ಬರೆಯದೆ, ಇನ್ನೊಬ್ಬರ ಹಾಡನ್ನು ಕತ್ತರಿಸಿ ಅಂಟಿಸಿ ಎಳೆದರೆ ಅದು ಯಾವ ಕಲೆ? ಮೊನ್ನೆ ತಂಗಿಯ ಮಗಳ ಮದುವೆ ರಿಸೆಪ್ಷನ್ನಿನಲ್ಲಿ ಡಿಜೆ ಹುಡುಗ ನಾಜಿಯಾ ಹಸನ್ ಹಾಡನ್ನು ಇದ್ದದ್ದರ ಎರಡು ಪಟ್ಟು ಎಳೆದ. ಅಣ್ಣ ಬಹರೈನ್‌ನಿಂದ ತಂದ ಕ್ಯಾಸೆಟ್ಟಿನಲ್ಲಿ ಆ ಹಾಡನ್ನು ನೂರಾರು ಸಲ ಕೇಳಿದವನು ನಾನು. ತಡೆಯಲಾಗದೆ ಊಟದ ಹಾಲಿಗೆ ಎದ್ದು ಹೋದೆ. ಇದು ಕಳ್ಳತನ, ಸೋಮಾರಿತನ, ಕಂಪ್ಯೂಟರ್ ಆಟ. ಇನ್ನೊಂದು. ಸಂಗೀತ ನಿರ್ದೇಶಕ ಬಿದ್ದು ಮುಂಬೈನವರು ಎಂದು ಅಚ್ಚಾಗಿದೆ. ಅವರು ಬೆಂಗಳೂರಿನವರು. ಅಷ್ಟೂ ಗೊತ್ತಿಲ್ಲದೆ ಡಿಸ್ಕೋ ಬಗ್ಗೆ ಬರೆಯುವ ಉಸಾಬರಿ ಯಾಕೆ?”

ಮಾನ್ಯರೇ,

ಕೊನೆಯದಕ್ಕೆ ಮೊದಲು ಉತ್ತರ. ತಪ್ಪು ನಮ್ಮದೇ. ಬಿದ್ದು ಅಪ್ಪಯ್ಯ ಕೊಡವರು. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಟ್ರೋಜನ್ಸ್ ಎಂಬ ಬ್ಯಾಂಡಿನಲ್ಲಿ ಹಾಡಿದವರು. ಆಮೇಲೆ ಮುಂಬೈಗೆ ಹೋದದ್ದು ನಿಜ, 1960ರ ದಶಕ ಮುಗಿಯುವ ಮೊದಲು ಲಂಡನ್ ಸೇರಿದ್ದೂ ನಿಜ. ನಮ್ಮ ಲೇಖಕರು ದಾರಿಯಲ್ಲಿ ಸಿಕ್ಕ ಊರನ್ನೇ ಹುಟ್ಟೂರು ಮಾಡಿಬಿಟ್ಟರು. ನನ್ನ ಕಣ್ಣೂ ತಪ್ಪಿತು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಬಿದ್ದು ಅವರದೇ ನಿರ್ಮಾಣ. ಗ್ರಾಮಫೋನ್ ಪ್ಲೇಟಿನ ಇನ್ನೊಂದು ಬದಿ ಖಾಲಿ ಬಿಡಬಾರದು ಅಂತ, ಸ್ಟುಡಿಯೋ ಸಮಯದ ಕೊನೆಯ ಹತ್ತು ನಿಮಿಷದಲ್ಲಿ ಮುಗಿಸಿದ ಹಾಡಂತೆ ಅದು. ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒಂದಾಯಿತು. 1980ರಲ್ಲಿ ನಾಜಿಯಾ ಹಸನ್ ಎಂಬ ಶಾಲಾ ಹುಡುಗಿ ಹಾಡಿದ ‘ಆಪ್ ಜೈಸಾ ಕೋಯಿ’ ಕೂಡ ಅವರದೇ ಸಂಗೀತ. ನೀವು ಎದ್ದು ಹೋದ ಹಾಡು ಅದೇ ಅಂತ ಊಹಿಸಿದ್ದೇನೆ.

ಈಗ ‘ಎಳೆದ’ ಎಂಬ ಮಾತಿಗೆ ಬರೋಣ.

ಪತ್ರದ ನಾಲ್ಕನೇ ಪುಟದಲ್ಲಿ ನೀವು ಇನ್ನೊಂದು ಸಿಟ್ಟನ್ನೂ ತೋಡಿಕೊಂಡಿದ್ದೀರಿ. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕೆಲವೇ ಗಂಟೆಯಲ್ಲಿ ಮುಗಿಸುವ ಕಾಲಮಿತಿ ಯಕ್ಷಗಾನ ಬಂದ ಮೇಲೆ ಆಟದ ರುಚಿಯೇ ಹೋಯಿತು ಅಂತ. ಓದಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಪ್ರಸಂಗದ ಪುಸ್ತಕದಲ್ಲಿ ಪದ್ಯ ನಾಲ್ಕೇ ಸಾಲು ಇರುತ್ತದೆ. ರಂಗಸ್ಥಳದಲ್ಲಿ ವೇಷಕ್ಕೆ ಕುಣಿತ ಹತ್ತಿದರೆ ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತುತ್ತಾರೆ. ಚೆಂಡೆ ಮದ್ದಳೆಗೆ ಜಾಗ ಬಿಡುತ್ತಾರೆ. ಆಗ ನೀವು ಎಳೆದರು ಅಂತ ಎದ್ದು ಹೋಗಿದ್ದೀರಾ? ಇಲ್ಲ, ಅಲ್ವಾ? ಡಿಸ್ಕೋಗೆ ಬಂದ ಕಷ್ಟ ಏನೆಂದರೆ ಅಲ್ಲಿ ಭಾಗವತರು ಪ್ಲೇಟಿನೊಳಗೆ ಇದ್ದರು. ಎದುರಿಗೆ ಯಾರು ಕುಣಿಯುತ್ತಿದ್ದಾರೆ ಅಂತ ಅವರಿಗೆ ಕಾಣುತ್ತಿರಲಿಲ್ಲ.

ಪ್ಲೇಟಿನಲ್ಲಿ ಒಂದು ಹಾಡಿಗೆ ಸಿಗುತ್ತಿದ್ದ ಮೂರು ನಿಮಿಷವೂ ಒಂದು ಕಾಲಮಿತಿಯೇ. 7 ಇಂಚಿನ ಪ್ಲೇಟಿನಲ್ಲಿ ಗಟ್ಟಿ ದನಿಗೆ ಹಿಡಿಸುತ್ತಿದ್ದದ್ದು ಹೆಚ್ಚುಕಮ್ಮಿ ಅಷ್ಟೇ. ರೇಡಿಯೋದವರಿಗೂ ಅಷ್ಟಿದ್ದರೆ ಅನುಕೂಲ. ಹಾಡಿದವರು ಅಷ್ಟೇ ಹಾಡಿದ್ದರು ಅಂತ ತಿಳಿಯಬೇಡಿ. ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್ 1965ರಲ್ಲಿ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಮುದ್ರಿಸಿದಾಗ ಅದು ಸುಮಾರು ಏಳು ನಿಮಿಷ ಓಡಿತ್ತು. ಕಂಪನಿ ಅದನ್ನು ತುಂಡು ಮಾಡಿ, ವೇಗ ಹೆಚ್ಚಿಸಿ, ಪ್ಲೇಟಿನ ಎರಡು ಬದಿಗೆ ಹಂಚಿತು. ಫಂಕ್ ಪ್ಲೇಟುಗಳ ಮೇಲೆ ‘ಭಾಗ 1’, ‘ಭಾಗ 2’ ಅಂತ ಅಚ್ಚಾಗಿರುವುದನ್ನು ನೀವೂ ನೋಡಿರುತ್ತೀರಿ. ನಡುವೆ ಎದ್ದು ಪ್ಲೇಟು ಮಗುಚಬೇಕು. ನಾವು ಮೂಲ ಅಂತ ಎದೆಗೊತ್ತಿಕೊಂಡದ್ದಕ್ಕೆ ಮೊದಲೇ ಕತ್ತರಿ ಬಿದ್ದಿತ್ತು. ಆ ಕತ್ತರಿ ಕಂಪನಿಯವರ ಕೈಯಲ್ಲಿತ್ತು, ಹಾಗಾಗಿ ಯಾರೂ ಸಿಟ್ಟಾಗಲಿಲ್ಲ.

ಇಂಥ ಎಡಿಟ್‌ಗೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬನಾದ ಅಮೆರಿಕದ ಟಾಮ್ ಮೌಲ್ಟನ್ ಕೂಡ ಸಿಟ್ಟಾಗಲಿಲ್ಲ, ಕೂತು ಕೆಲಸ ಮಾಡಿದ. ಫೈರ್ ಐಲೆಂಡ್ ಎಂದರೆ ನ್ಯೂಯಾರ್ಕಿನ ಹತ್ತಿರ, ಬೇಸಿಗೆಯಲ್ಲಿ ಜನ ಹೋಗುವ ಉದ್ದನೆಯ ಮರಳು ದ್ವೀಪ. 1970ರ ದಶಕದ ಆರಂಭದಲ್ಲಿ ಅಲ್ಲಿ ಕುಣಿಯುವವರನ್ನು ಅವನು ನೋಡುತ್ತಾ ನಿಂತ. ಮೈ ಬಿಸಿಯಾಗಿ ಕಾಲು ಹದಕ್ಕೆ ಬರುವಷ್ಟರಲ್ಲಿ ಹಾಡು ಮುಗಿಯುತ್ತಿತ್ತು. ಮುಂದಿನ ಹಾಡಿನ ತಾಳ ಬೇರೆ. ಅರ್ಧ ಜನ ಕೆಳಗಿಳಿಯುತ್ತಿದ್ದರು. ಮನೆಗೆ ಬಂದವನೇ ಟೇಪು, ಬ್ಲೇಡು, ಅಂಟು ಪಟ್ಟಿ ಹಿಡಿದು ಕೂತ. ಹಾಡಿಗೆ ಹಾಡು ಸೇರಿಸಿ, ಎಲ್ಲೂ ಕುಣಿತ ನಿಲ್ಲದ 45 ನಿಮಿಷದ ಒಂದು ಟೇಪು ಮಾಡಿದ. ಅದಕ್ಕೆ 80 ಗಂಟೆ ಹಿಡಿಯಿತಂತೆ. ಸೋಮಾರಿತನ ಅಂದಿರಲ್ಲ, ಅದಕ್ಕೇ ಈ ಲೆಕ್ಕ ಹೇಳಿದೆ.

ಲೆಕ್ಕ ಇನ್ನೂ ಇದೆ. ನನಗೆ ಇದು ಇಷ್ಟದ ವಿಷಯ, ಸ್ವಲ್ಪ ತಡೆದುಕೊಳ್ಳಿ. ಸ್ಟುಡಿಯೋ ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ. ನಿಮಿಷಕ್ಕೆ 120 ಪೆಟ್ಟು ಬೀಳುವ ಡಿಸ್ಕೋ ಹಾಡಿನಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡು. ಅಂದರೆ ಏಳೂವರೆ ಇಂಚು ಟೇಪು. ನಾಲ್ಕು ಪೆಟ್ಟಿನ ಒಂದು ಸುತ್ತಿಗೆ ಎರಡೂವರೆ ಅಡಿ. ದರ್ಜಿ ಬಟ್ಟೆ ಅಳೆದ ಹಾಗೆ ಸಂಗೀತವನ್ನು ಅಡಿ ಇಂಚಿನಲ್ಲಿ ಅಳೆಯಬಹುದಿತ್ತು. ಟೇಪಿನ ಸುರುಳಿಯನ್ನು ಕೈಯಲ್ಲಿ ಹಿಂದೆ ಮುಂದೆ ಜಗ್ಗಿ, ಡ್ರಮ್ಮಿನ ಪೆಟ್ಟು ಎಲ್ಲಿ ಶುರುವಾಗುತ್ತದೆ ಅಂತ ಕಿವಿಯಲ್ಲೇ ಹುಡುಕಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಓರೆಯಾಗಿ ಕೊಯ್ಯಬೇಕು. ಕಾಲಿಂಚು ತಪ್ಪಿದರೂ ಕುಣಿಯುವವರ ಕಾಲಿಗೆ ಗೊತ್ತಾಗುತ್ತದೆ.

ಮೌಲ್ಟನ್ನನ ಇನ್ನೊಂದು ಕಥೆ ನಿಮಗೆ ಹಿಡಿಸೀತು. 1974ರಲ್ಲಿ ಡಾನ್ ಡೌನಿಂಗ್ ಹಾಡಿದ ‘ಡ್ರೀಮ್ ವರ್ಲ್ಡ್’ ಅವನ ಕೈಗೆ ಬಂತು. ಹಾಡು ಉದ್ದ ಮಾಡಬೇಕು. ಆದರೆ ನಡುವೆ ಶ್ರುತಿ ಮೇಲಕ್ಕೆ ಏರುತ್ತದೆ. ಏರಿದ ಮೇಲೆ ಹಳೆಯ ಭಾಗವನ್ನು ತಂದು ಜೋಡಿಸಿದರೆ ದೊಪ್ಪನೆ ಬಿದ್ದ ಹಾಗೆ ಕೇಳುತ್ತದೆ. ಏನು ಮಾಡುವುದು? ರಾಗದ ವಾದ್ಯಗಳನ್ನೆಲ್ಲ ತೆಗೆದು ಬರೀ ಡ್ರಮ್ಸ್ ಉಳಿಸಿದ. ಬರೀ ಪೆಟ್ಟು ಕೇಳುತ್ತಾ ಕಿವಿ ಶ್ರುತಿಯನ್ನು ಮರೆಯುತ್ತದೆ. ಆಮೇಲೆ ಕೆಳಗಿನ ಶ್ರುತಿ ಬಂದರೂ ಹೊಸದಾಗಿ ಕೇಳುತ್ತದೆ. ಬಿದ್ದ ಗುಂಡಿ ಮುಚ್ಚಲು ಹಾಕಿದ ಹಲಗೆ ಅದು. ಜನ ಅದರ ಮೇಲೇ ಹುಚ್ಚೆದ್ದು ಕುಣಿದರು. ಡಿಸ್ಕೋದಲ್ಲಿ ಈಗಲೂ ಎಲ್ಲರೂ ಕಾಯುವ ‘ಬ್ರೇಕ್’ ಹೀಗೆ ಬಂದದ್ದು. ಒಂದೇ ಹಾಡಿಗೆ 12 ಇಂಚಿನ ಪ್ಲೇಟು ಬಂದದ್ದೂ ಅವನ ಕಾಲದ್ದೇ ಆಕಸ್ಮಿಕ. ಒಂದು ದಿನ 7 ಇಂಚಿನ ಖಾಲಿ ತಟ್ಟೆ ಮುಗಿದು, ಹಾಡನ್ನು ದೊಡ್ಡ ತಟ್ಟೆಯಲ್ಲಿ ಕೊರೆಯಬೇಕಾಯಿತು. ಅಷ್ಟು ಜಾಗದಲ್ಲಿ ಸಣ್ಣ ಪಟ್ಟಿಯಂತೆ ಕಂಡದ್ದನ್ನು ಅಗಲಕ್ಕೆ ಹರಡಿದರು. ಗೆರೆಗಳ ನಡುವೆ ಜಾಗ ಸಿಕ್ಕಿ ದನಿ ದಪ್ಪವಾಯಿತು, ಬೇಸ್ ಎದೆಗೆ ಬಡಿಯಿತು. 1976ರಲ್ಲಿ ಸಾಲ್ಸೋಲ್ ಕಂಪನಿ ಡಬಲ್ ಎಕ್ಸ್‌ಪೋಶರ್ ತಂಡದ ‘ಟೆನ್ ಪರ್ಸೆಂಟ್’ ಅನ್ನು 12 ಇಂಚಿನಲ್ಲಿ ಅಂಗಡಿಗೆ ತಂದಿತು. ವಾಲ್ಟರ್ ಗಿಬನ್ಸ್ ಎಂಬ ಡಿಜೆ ಅದನ್ನು ಒಂಬತ್ತು ನಿಮಿಷ ದಾಟಿಸಿದ್ದ.

ಹಾಡಿದವರಿಗೆ ಇದು ಅವಮಾನ ಅಂತೀರಿ. ಡಿಸ್ಕೋ ಗಾಯಕಿ ಗ್ಲೋರಿಯಾ ಗೇನರ್ ಕೂಡ ಗೊಣಗಿದ್ದರಂತೆ. ಅವರ 1975ರ ಆಲ್ಬಮ್ಮಿನ ಒಂದು ಇಡೀ ಬದಿಯಲ್ಲಿ ಮೌಲ್ಟನ್ ಮೂರು ಹಾಡುಗಳನ್ನು ಎಲ್ಲೂ ನಿಲ್ಲದಂತೆ ಹೆಣೆದಿದ್ದ. ಕೇಳಿದ ಗೇನರ್, ಇದರಲ್ಲಿ ನಾನು ಹಾಡಿರುವುದೇ ಕಮ್ಮಿ ಆಯಿತಲ್ಲ ಅಂದರಂತೆ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಕುಣಿಯುವ ಕಟ್ಟೆಗಳಲ್ಲಿ ಅವರ ಹೆಸರು ಮೊಳಗಿದ್ದೂ ಆ ಬದಿಯಿಂದಲೇ.

ಆಮೇಲೆ ಷಿಕಾಗೋ. 1979ರ ಜುಲೈ 12ರಂದು ಅಲ್ಲಿನ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೋ ಜಾಕಿಯೊಬ್ಬ ಡಿಸ್ಕೋ ಪ್ಲೇಟುಗಳ ರಾಶಿ ಹಾಕಿ ಸಿಡಿಸಿದ. ಪ್ಲೇಟು ತಂದವರಿಗೆ ಟಿಕೆಟ್ 98 ಸೆಂಟ್. ಜನ ಮೈದಾನಕ್ಕೆ ನುಗ್ಗಿ ಎರಡನೇ ಆಟವೇ ರದ್ದಾಯಿತು. ಆ ರಾಶಿಯಲ್ಲಿ ಡಿಸ್ಕೋ ಅಲ್ಲದ, ಕಪ್ಪು ಜನರ ಸೋಲ್ ಪ್ಲೇಟುಗಳೂ ಬೇಕಾದಷ್ಟಿದ್ದವು ಅಂತ ಅಲ್ಲಿದ್ದವರು ಹೇಳಿದ್ದಾರೆ. ಯಾವುದರ ಮೇಲಿನ ಸಿಟ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಂಪನಿಗಳು ಡಿಸ್ಕೋ ಕೈಬಿಟ್ಟವು. ಅದೇ ಊರಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್‌ಗೆ ಹೊಸ ಹಾಡು ಸಿಗದಾಯಿತು. ಕುಣಿಯುವವರು ಮಾತ್ರ ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದರು. ಇದ್ದ ಹಳೆಯ ಹಾಡನ್ನೇ ಟೇಪಿನಲ್ಲಿ ಕೊಯ್ದು, ಬ್ರೇಕ್ ಉದ್ದ ಮಾಡಿ, ಕೆಳಗೆ ಡ್ರಮ್ ಸೇರಿಸಿ ನುಡಿಸಿದರು. ಈಗ ಹೌಸ್ ಅಂತ ಕರೆಯುವ ಸಂಗೀತದ ಹೆಸರೇ ಆ ಕ್ಲಬ್ಬಿನದು. ಹೊಸ ಬಟ್ಟೆ ಇಲ್ಲದ ಮನೆಯಲ್ಲಿ ಹಳೆ ಸೀರೆ ಸೇರಿಸಿ ಕೌದಿ ಹೊಲಿಯುವುದಿಲ್ಲವೇ, ಹಾಗೆ.

ಕಂಪ್ಯೂಟರ್ ಆಟ ಎಂಬ ಮಾತಿಗೆ ನನ್ನದೇ ಮಾನ ಕಳೆದುಕೊಂಡು ಉತ್ತರಿಸುತ್ತೇನೆ. ಹಾಸ್ಟೆಲಿನಲ್ಲಿದ್ದಾಗ ರೂಮ್‌ಮೇಟ್‌ನ ಡಬಲ್ ಡೆಕ್ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಪಾಸ್ ಬಟನ್ ಒತ್ತಿ ಬಿಟ್ಟು, ಒಂದು ಹಾಡಿನ ಬೇಸ್ ಗಿಟಾರ್ ಭಾಗ ಉದ್ದ ಮಾಡಲು ಒಂದು ಇಡೀ ಭಾನುವಾರ ಕಳೆದೆ. ಪ್ರತಿ ಜೋಡಣೆಯಲ್ಲೂ ತಾಳ ಕುಂಟಿತು. ಮೆಸ್ಸಿನ ಭಟ್ಟರೂ ಬಂದು “ಟೇಪು ಸುತ್ತಿಕೊಂಡಿತಾ?” ಅಂದರು. ವರ್ಷಗಳ ಮೇಲೆ ಕಂಪ್ಯೂಟರಿನಲ್ಲಿ ಅದೇ ಹಾಡನ್ನು ಮಾಡಿದೆ. ಜೋಡಣೆ ಒಂದೂ ಕುಂಟಲಿಲ್ಲ. ಆದರೂ ಹಾಡು ಸಪ್ಪೆ. ನಾನು ಕೊಯ್ದ ಜಾಗವೇ ತಪ್ಪಾಗಿತ್ತು. ಬೇಸ್ ಒಳ್ಳೆಯದಿತ್ತು ಅಂತ ಬೇಸ್ ಹಿಡಿದು ಕೂತೆ. ಮೈ ಏಳುತ್ತಿದ್ದದ್ದು ಅದಕ್ಕೂ ಎರಡು ಸುತ್ತು ಮುಂಚೆ, ಗಿಟಾರ್ ಸುಮ್ಮನಾಗುವ ಜಾಗದಲ್ಲಿ. ಅದು ನನಗೆ ಕೇಳಿಸಿರಲೇ ಇಲ್ಲ. ಇವರ ಕಲೆ ಎಲ್ಲಿದೆ ಅಂತ ಕೇಳಿದಿರಿ. ನನ್ನ ಮಟ್ಟಿಗೆ ಅಲ್ಲಿದೆ, ಆ ಕೇಳಿಸುವುದರಲ್ಲಿ. 2019ರಲ್ಲಿ ಡೀಜರ್ ಕಂಪನಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಬಿಟ್ಟಿ ಕೊಟ್ಟ ಮೇಲೆ, ಮುಗಿದ ಹಾಡಿನಿಂದಲೂ ದನಿ, ಡ್ರಮ್ಸ್, ಬೇಸ್ ಬೇರೆ ಬೇರೆ ಮಾಡುವುದು ಎಲ್ಲರ ಕೈಗೂ ಸಿಕ್ಕಿದೆ. ಒಳ್ಳೆಯ ಎಡಿಟ್ ಅದರಿಂದ ಜಾಸ್ತಿಯಾದ ಹಾಗೆ ನನಗೆ ಕಾಣಲಿಲ್ಲ.

ಈಗ ನಿಮ್ಮ ಕಡೆಗೆ ವಾಲುತ್ತೇನೆ. ಇಂದಿನ ಎಡಿಟ್‌ಗಳಲ್ಲಿ ಬಹುಪಾಲು ನನಗೂ ಆಗುವುದಿಲ್ಲ. ಹಳೆಯ ಹಾಡಿನಲ್ಲಿ ಡ್ರಮ್ ಬಾರಿಸಿದ್ದು ಮನುಷ್ಯ. ಫಿಲಡೆಲ್ಫಿಯಾದ ಅರ್ಲ್ ಯಂಗ್ ಹೈ-ಹ್ಯಾಟ್, ಅಂದರೆ ಡ್ರಮ್ಸ್ ಜೊತೆಗಿರುವ ಜೋಡಿ ಕಂಚಿನ ತಟ್ಟೆ, ತಟ್ಟುವುದನ್ನು ಕೇಳಿ. ಇಡೀ ಡಿಸ್ಕೋ ಅವರ ಬಲಗೈ ಹಿಡಿದು ನಡೆಯಿತು. ಅಂಥವರ ತಾಳವೂ ಹಾಡಿನ ಬಿಸಿಗೆ ಕೂದಲೆಳೆ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಈಗಿನ ಡಿಜೆಗೆ ಇದು ತಲೆನೋವು. ಎರಡು ಹಾಡು ಒಂದರ ಮೇಲೊಂದು ಕೂರಬೇಕಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಎಲ್ಲ ಪೆಟ್ಟನ್ನೂ ಸರಿಸಮ ಮಾಡಿ, ಮೇಲೊಂದು ದಪ್ಪ ಕಿಕ್ ಡ್ರಮ್ ಹೇರುತ್ತಾರೆ. ಹಾಡಿಗೆ ಇಸ್ತ್ರಿ ಹೊಡೆದ ಹಾಗೆ ಆಗುತ್ತದೆ. ಕಲೆ ಅಂತ ನಮ್ಮ ಲೇಖನ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದ್ದು ತಪ್ಪು.

ನಿಮ್ಮ ಪಕ್ಷದ ಘಟಾನುಘಟಿ ಒಬ್ಬರಿದ್ದರು, ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಡೇವಿಡ್ ಮಂಕುಸೊ. 1970ರಲ್ಲಿ ತಮ್ಮ ಮನೆಯಲ್ಲೇ ಲಾಫ್ಟ್ ಎಂಬ ಕುಣಿತದ ಕೂಟ ಶುರು ಮಾಡಿದವರು. ಮುಂದೆ ಅವರು ಹಾಡಿಗೆ ಹಾಡು ಬೆರೆಸುವುದನ್ನೇ ಬಿಟ್ಟರು. ಪ್ಲೇಟನ್ನು ಮೊದಲಿನಿಂದ ಕೊನೆಯವರೆಗೆ, ಬರೆದವರು ಬರೆದ ಹಾಗೆ ನುಡಿಸಿದರು. ಮುಂಬೈಯಲ್ಲಿ ಹುಟ್ಟಿದ ಆಶಾ ಪುತ್ಲಿ ಅವರ ‘ಸ್ಪೇಸ್ ಟಾಕ್’ ಅಲ್ಲಿನವರಿಗೆ ಪ್ರೀತಿಯ ಹಾಡಾಗಿತ್ತು.

ಕಳ್ಳತನದ ಮಾತು ಉಳಿಯಿತು. ಮದುವೆ ಸಮಾರಂಭದಲ್ಲಿ ಹಾಡು ಹಾಕಲು ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಲ್ಲೇ ವಿನಾಯಿತಿ ಇದೆ. ಅದು ಎಲ್ಲಿಯವರೆಗೆ ಅಂತ ಕೋರ್ಟುಗಳಲ್ಲಿ ಜಗಳವೂ ಇದೆ. ಆದರೆ ಹಾಡನ್ನು ಕೊಯ್ದು ಮಾರುವುದು ಬೇರೆ ವಿಷಯ. ಧ್ವನಿಮುದ್ರಣದ ಹಕ್ಕು ನಮ್ಮಲ್ಲಿ 60 ವರ್ಷ. 1980ರಲ್ಲಿ ಬಂದ ಹಾಡು 2040 ಮುಗಿಯುವವರೆಗೆ ಅದರ ಒಡೆಯರದು. ಕೇಳದೆ ಮಾರಿದರೆ ತಪ್ಪು ತಪ್ಪೇ, ಅದರಲ್ಲಿ ನಾನು ಎಡಿಟ್ ಮಾಡುವವರ ಪರ ವಕೀಲಿಕೆ ಮಾಡುವುದಿಲ್ಲ. ನನ್ನ ಬೇಜಾರು ಇನ್ನೊಂದು. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ‘ಫಂಕಿ ಡ್ರಮ್ಮರ್’ ಹಾಡಿಗೆ ಬಾರಿಸಿದ ಕೆಲವೇ ಸೆಕೆಂಡುಗಳ ತಾಳವನ್ನು ಸಾವಿರಕ್ಕೂ ಹೆಚ್ಚು ಹಾಡುಗಳು ಎತ್ತಿಕೊಂಡವು. ಹಾಡಿನ ಹಕ್ಕಿನಲ್ಲಿ ಅವರ ಹೆಸರು ಇರಲಿಲ್ಲ. 2017ರಲ್ಲಿ ತೀರಿಕೊಂಡರು. ಹಕ್ಕಿನವರಿಗೆ ದುಡ್ಡು ಕಟ್ಟಿ ನ್ಯಾಯವಾಗಿ ಮಾಡಿದ ಎಡಿಟ್‌ನಿಂದಲೂ ಅಂಥವರ ಮನೆಗೆ ಏನೂ ಹೋಗುವುದಿಲ್ಲ. ನೀವು ಡಿಜೆ ಹುಡುಗನ ಕಾಲರ್ ಹಿಡಿದಿದ್ದೀರಿ. ನಾನಾದರೆ ಇನ್ನೂ ಎರಡು ಮೂರು ಕಾಲರ್ ಹುಡುಕುತ್ತೇನೆ.

ಒಂದು ಕೋರಿಕೆ. ತಂಗಿಯ ಮನೆಯವರ ಹತ್ತಿರ ಆ ಹುಡುಗನ ನಂಬರ್ ಇರಬಹುದು. ಅವನು ಕೊಯ್ದ ಜಾಗ ಯಾವುದು ಅಂತ ಕೇಳಿ ಬರೆಯಿರಿ. ಬೇಸ್ ಒಂಟಿಯಾಗಿ ನಡೆಯುವ ಕಡೆ ಆಗಿದ್ದರೆ ನಾನು ಅವನ ಪಕ್ಷ. ನಾಜಿಯಾ ಹಾಡುತ್ತಿರುವಾಗ ಮಾತಿನ ಮಧ್ಯೆ ಕೊಯ್ದಿದ್ದರೆ ನಿಮ್ಮ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದೆ. ಅಣ್ಣನ ಕ್ಯಾಸೆಟ್ ಇನ್ನೂ ಓಡುತ್ತದೆಯೇ ಅಂತಲೂ ತಿಳಿಸಿ.

– ಸಂಪಾದಕ