ಗಲ್ಫ್ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್, ಲಿವರ್ ಟೆಸ್ಟ್ ನಾರ್ಮಲ್. ಏನರ್ಥ?

ಕುಂಬಳೆಯ ನಿಮ್ಮ ತಮ್ಮನಿಗೆ ಮೈಯಲ್ಲಿ ಏನೂ ತೊಂದರೆ ಇಲ್ಲ, ಆದರೂ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್‌ನ ಹೊರಪದರದ ಪ್ರೋಟೀನ್) ಪಾಸಿಟಿವ್ ಬಂದಿದೆ, ಅಲ್ವಾ? ಹೆಚ್ಚಿನವರಿಗೆ ಈ ಕಾಯಿಲೆ ಗೊತ್ತಾಗುವುದೇ ಹೀಗೆ. ರಕ್ತದಾನದಲ್ಲಿ, ಬಸುರಿ ಟೆಸ್ಟಿನಲ್ಲಿ, ಇಲ್ಲವೇ ವೀಸಾ ಮೆಡಿಕಲ್‌ನಲ್ಲಿ.

ಪಾಸಿಟಿವ್ ಅಂದರೆ ವೈರಸ್ ಈಗ ದೇಹದಲ್ಲಿದೆ ಅಂತ. (ಟೆಸ್ಟಿಗೆ ಸ್ವಲ್ಪ ದಿನ ಮೊದಲು ಲಸಿಕೆ ಹಾಕಿಸಿದ್ದರೂ ಹೀಗೆ ಬರಬಹುದು, ಕೇಳಿ ನೋಡಿ.) ಸೋಂಕು ಹೊಸದೋ ಹಳೆಯದೋ ತಿಳಿಯಲು ಆಂಟಿ-ಎಚ್‌ಬಿಸಿ ಬೇಕು, ಅಂದರೆ ವೈರಸ್‌ನ ಒಳತಿರುಳಿನ ವಿರುದ್ಧ ದೇಹ ಮಾಡುವ ಪ್ರತಿಕಾಯದ ಟೆಸ್ಟ್. ಅದರ ಐಜಿಎಂ (ಹೊಸ ಸೋಂಕಿನಲ್ಲಿ ಬರುವ ಪ್ರತಿಕಾಯ) ನೆಗೆಟಿವ್, ಟೋಟಲ್ (ಎಲ್ಲ ಬಗೆಯ ಪ್ರತಿಕಾಯ ಸೇರಿ) ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಹಳೆಯದು. 6 ತಿಂಗಳು ಕಳೆದರೂ ಎಚ್‌ಬಿಎಸ್‌ಎಜಿ ಹೋಗದಿದ್ದರೆ ದೀರ್ಘಕಾಲದ್ದು ಅಂತ ಲೆಕ್ಕ.

ಲಿವರ್ ಟೆಸ್ಟಿನ ಎಎಲ್‌ಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ನಾರ್ಮಲ್ ಅಂತ ಸುಮ್ನೆ ಕೂರಬೇಡಿ. ಎಚ್‌ಬಿಇಎಜಿ (ವೈರಸ್ ಜೋರಾಗಿ ಬೆಳೆಯುವಾಗ ಹೆಚ್ಚಾಗಿ ಕಾಣುವ ಅದರ ಇನ್ನೊಂದು ಪ್ರೋಟೀನ್) ಪಾಸಿಟಿವ್ ಇರುವ ಹರೆಯದವರಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಕೋಟಿಗಟ್ಟಲೆ ಇದ್ದರೂ ಎಎಲ್‌ಟಿ ಏರದೇ ಇರಬಹುದು. ಎಚ್‌ಬಿಇಎಜಿ ನೆಗೆಟಿವ್, ವೈರಸ್‌ನ ಡಿಎನ್‌ಎ (ಅದೇ ವೈರಲ್ ಲೋಡ್) ಒಂದು ಮಿಲಿಲೀಟರಿಗೆ 2,000 ಯೂನಿಟ್‌ಗಿಂತ ಕಮ್ಮಿ, ಎಎಲ್‌ಟಿಯೂ ನಾರ್ಮಲ್ ಆಗಿದ್ದರೆ ವೈರಸ್ ತಣ್ಣಗಿದೆ ಎನ್ನಬಹುದು. ಆದರೆ ಒಂದೇ ರಿಪೋರ್ಟ್ ನಂಬಿ ಅಲ್ಲ, ವರ್ಷದಲ್ಲಿ ಮೂರ್ನಾಲ್ಕು ಸಲ ನೋಡಿಯೇ. ಕೆಲವರಲ್ಲಿ ಎಚ್‌ಬಿಇಎಜಿ ನೆಗೆಟಿವ್ ಇದ್ದರೂ ವೈರಸ್ ಜೋರಾಗಿರುತ್ತದೆ, ಎಎಲ್‌ಟಿ ಏರಿಳಿಯುತ್ತದೆ. ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲೇ. ಇಂಥವರಿಗೆ ಮಾತ್ರೆ ಬೇಕಾಗಬಹುದು.

ಮಂಗಳೂರಿನಲ್ಲಿ ಲಿವರ್ ಡಾಕ್ಟರನ್ನು ನೋಡುವುದಾದರೆ ಹಳೇ ರಿಪೋರ್ಟ್‌ಗಳನ್ನೂ ಹಿಡಿದುಕೊಂಡು ಹೋಗಿ. ಅಮ್ಮನಿಗೂ ನಿಮಗೂ ಟೆಸ್ಟ್ ಮಾಡಿಸಿ. ಹೆರಿಗೆಯಲ್ಲಿ ಅಂಟಿದ ಸೋಂಕು ಹೆಚ್ಚಾಗಿ ಉಳಿದುಬಿಡುತ್ತದೆ, ದೊಡ್ಡವರಾದ ಮೇಲೆ ಅಂಟಿದ್ದು ಹೆಚ್ಚಾಗಿ ತಾನೇ ಹೋಗುತ್ತದೆ.